ಇಂಜಿನ್ನಿಗೆ ಎರಡನೆಯ ಜರಡಿ ಬೇಕೆ?

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕಾವ್ಯ, ಇತಿಹಾಸ, ಸಮಾಜ ಸುಧಾರಣೆ ಮೊದಲಾದ ವಿಷಯಗಳ ಮೇಲೆ ಲೇಖನಗಳು ಬರುವುದು ವಾಡಿಕೆ. ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಮೋಟಾರು ಇಂಜಿನ್ನಿನ ಆಯಿಲ್ ಫಿಲ್ಟರಿನ ಮಾತೆತ್ತಿದರೆ ಗೆಳೆಯರು ನಕ್ಕಾರು. ಆದರೆ ಬಾಡಿಗೆ ಕಾರಿನ ದುಡಿಮೆಯಿಂದ ನಡೆಯುವ ಮನೆಯವನಿಗೆ ಅರ್ಥಶಾಸ್ತ್ರದ ಮೊದಲ ಪಾಠ ಸಿಗುವುದು ಕಾರಿನ ಬಾನೆಟ್ಟಿನ ಕೆಳಗೇ. ಆದಕಾರಣ ಈ ನಾಲ್ಕು ಮಾತು.

ನನ್ನ ತಂದೆಯವರು ಓಡಿಸುವುದು ಒಂದು ಹಳೆಯ ಡೀಸೆಲ್ ಕಾರು. ನ್ಯಾಮತಿ, ಹೊನ್ನಾಳಿಗಳಿಂದ ರೋಗಿಗಳನ್ನು ದಾವಣಗೆರೆಗೆ ಮುಟ್ಟಿಸುವುದು, ಅಡಿಕೆ ಕೊಯ್ಲಿನ ಕಾಲದಲ್ಲಿ ಚನ್ನಗಿರಿಗೆ ಓಡಾಡುವುದು, ಮದುವೆಯ ದಿನಗಳಲ್ಲಿ ಜಗಳೂರು ಸೀಮೆಗೆ ದಿಬ್ಬಣ ಕರೆದೊಯ್ಯುವುದು, ಇದೇ ಅವರ ವರ್ಷದ ಕೆಲಸ. ಭದ್ರಾ ನಾಲೆಯ ನೀರು ಕಂಡ ಹೊನ್ನಾಳಿ, ಚನ್ನಗಿರಿಗಳ ಹಳ್ಳಿದಾರಿ ಮಳೆಗಾಲದಲ್ಲಿ ಕೆಸರಾದರೆ, ಮಳೆ ಕಡಿಮೆಯಾದ ಜಗಳೂರಿನ ಕಡೆ ಬಹುಕಾಲ ಧೂಳು. ಮೆಕ್ಕೆಜೋಳದ ಸುಗ್ಗಿಯಲ್ಲಂತೂ ರಸ್ತೆಯೇ ಕಣವಾಗಿ, ಹೊಟ್ಟು ಹಾರಿ ಗಾಡಿಯ ಮುಖವನ್ನೆಲ್ಲ ಮುಚ್ಚುತ್ತದೆ.

ಎರಡು ವರ್ಷದ ಹಿಂದೆ ಈ ಕಾರು ಹೊಗೆಯುಗುಳಿ ಬೋರಿನ ಕೆಲಸಕ್ಕೆ ಬಂದಿತು. ಅದಕ್ಕೆ ಮಾಡಿದ ಸಾಲದಲ್ಲಿ ಅರ್ಧ ಇನ್ನೂ ಬಾಕಿ. ಹೀಗಿರುವಾಗ ಬಿಡಿಭಾಗ ಮಾರುವವರೊಬ್ಬರು, “ಇನ್ನೊಂದು ಬೈಪಾಸ್ ಫಿಲ್ಟರ್ ಹಾಕ್ಸಿಬಿಡಿ ಯಜಮಾನ್ರೇ, ಹದಿನಾರು ಸಾವಿರ ಆಗ್ತದೆ. ಆಮೇಲೆ ಆಯಿಲ್ ಬದಲಾಯ್ಸೋ ಗೋಜೇ ಇಲ್ಲ” ಎಂದರಂತೆ. ಆ ರಾತ್ರಿ ಊಟಕ್ಕೆ ಕುಳಿತಾಗ ತಂದೆಯವರು, “ಕಾಲೇಜಿಗೆ ಹೋಗ್ತೀಯಲ್ಲಪ್ಪ, ಇದನ್ನ ಹಾಕ್ಸೋದೋ ಬ್ಯಾಡವೋ ಓದಿ ನೋಡಿ ಹೇಳು” ಎಂದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಇದು ನನ್ನ ಪಠ್ಯದಲ್ಲಿಲ್ಲ ಎಂದು ಹೇಳುವ ಧೈರ್ಯ ಬರಲಿಲ್ಲ.

ಓದಿ ತಿಳಿದದ್ದು ಇಷ್ಟು. ಇಂದಿನ ಕಾರುಗಳಲ್ಲಿ ಪಂಪು ಒತ್ತುವ ಎಣ್ಣೆಯೆಲ್ಲವೂ ಒಂದು ಫಿಲ್ಟರಿನ ಮೂಲಕ ಹಾದು ಬೇರಿಂಗುಗಳಿಗೆ ಹೋಗುತ್ತದೆ. ಈ ಜರಡಿ ತೀರ ಸಣ್ಣದಾಗುವಂತಿಲ್ಲ. ಆದರೆ ಎಣ್ಣೆಯ ಹರಿವೇ ತಡೆಯುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಒಂದು ವಾಲ್ವು ತೆರೆದು, ಸೋಸದ ಎಣ್ಣೆಯನ್ನೇ ಒಳಗೆ ಬಿಡುತ್ತದೆ. ಎಣ್ಣೆಯೇ ಇಲ್ಲದಿರುವುದಕ್ಕಿಂತ ಕೊಳಕು ಎಣ್ಣೆ ಮೇಲು ಎಂಬುದು ಅದನ್ನು ರಚಿಸಿದವರ ವಿವೇಕ. ಬೈಪಾಸ್ ಫಿಲ್ಟರಿನ ರೀತಿ ಬೇರೆ. ಅದು ಹತ್ತರಲ್ಲೊಂದು ಪಾಲಿನಷ್ಟು ಎಣ್ಣೆಯನ್ನು ಮಾತ್ರ ಪಡೆದು, ನಿಧಾನವಾಗಿ, ಬಹು ಸೂಕ್ಷ್ಮವಾಗಿ ಸೋಸಿ, ಕೆಳಗಿನ ಆಯಿಲ್ ಚೇಂಬರಿಗೆ ಹಿಂದಿರುಗಿಸುತ್ತದೆ. ಇದು ಹೊಸ ವಿದ್ಯೆಯೇನೂ ಅಲ್ಲ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿದ್ದುದು ಇಂಥ ಫಿಲ್ಟರೇ.

ಸೂಕ್ಷ್ಮವಾಗಿ ಸೋಸಿದರೆ ಲಾಭವಿದೆಯೆಂಬುದನ್ನು ಒಪ್ಪಲೇಬೇಕು. ಜನರಲ್ ಮೋಟಾರ್ಸಿನ ಪರೀಕ್ಷೆಗಳ ವರದಿಯೊಂದು 1988ರಲ್ಲಿ ಪ್ರಕಟವಾಯಿತು. 40 ಮೈಕ್ರಾನಿನ ಫಿಲ್ಟರಿಗೆ ಹೋಲಿಸಿದರೆ 30 ಮೈಕ್ರಾನಿನದರಿಂದ ಇಂಜಿನ್ನಿನ ಸವೆತ ಶೇಕಡ 50ರಷ್ಟು, 15 ಮೈಕ್ರಾನಿನದರಿಂದ ಶೇಕಡ 70ರಷ್ಟು ಇಳಿಯಿತೆಂದು ಅದು ಹೇಳುತ್ತದೆ. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು.

ಹಾಗಾದರೂ ನಮ್ಮಂಥವರ ಕಾರಿಗೆ ಇದು ಬೇಡವೆಂದೇ ನನ್ನ ಅಭಿಪ್ರಾಯ. ಕಾರಣಗಳು ಮೂರು.

ಮೊದಲನೆಯದು, ಸೋಸಿದ ಎಣ್ಣೆ ಹೊಸ ಎಣ್ಣೆಯಲ್ಲ. ಫಿಲ್ಟರು ಕಣಗಳನ್ನು ಹಿಡಿಯಬಲ್ಲುದು. ಬೆರೆತ ಡೀಸೆಲನ್ನಾಗಲಿ, ಹುಟ್ಟಿದ ಆಮ್ಲವನ್ನಾಗಲಿ ತೆಗೆಯಲಾರದು. ಎಣ್ಣೆಗೆ ಕಾರ್ಖಾನೆಯಲ್ಲಿ ಬೆರೆಸಿದ ರಕ್ಷಕ ದ್ರವ್ಯಗಳು ತೀರಿದ ಮೇಲೆ ಅವನ್ನು ಮತ್ತೆ ತುಂಬಲಾರದು. ಹತ್ತಾರು ಲೀಟರು ಎಣ್ಣೆ ಹಿಡಿಯುವ, ಎಡೆಬಿಡದೆ ಓಡುವ ಲಾರಿಗಳ ಮಾಲೀಕರು ಎಣ್ಣೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಅವಧಿಯನ್ನು ಮುಂದೂಡಬಹುದು. ಅವರಿಗೆ ಇದು ಲಾಭ. ನಾಲ್ಕೈದು ಲೀಟರಿನ ಕಾರಿಗೆ ಆ ಲೆಕ್ಕ ಕೂಡುವುದಿಲ್ಲ.

ಎರಡನೆಯದು, ಧೂಳು ಬರುವ ಮುಖ್ಯ ಬಾಗಿಲು ಗಾಳಿಯ ದಾರಿ. ನಮ್ಮ ಇಂಜಿನ್ ಬಿಚ್ಚಿದ ದಿನ ಮೇಸ್ತ್ರಿಯವರು ಏರ್ ಫಿಲ್ಟರ್ ಪೆಟ್ಟಿಗೆಯಿಂದ ಬರುವ ರಬ್ಬರ್ ಪೈಪನ್ನು ಬಗ್ಗಿಸಿ ತೋರಿಸಿದರು. ಅದರಲ್ಲಿ ಬೆರಳುದ್ದದ ಬಿರುಕು. ಒಳಗೆಲ್ಲ ಕೆಂಪು ಧೂಳು. ಅಲ್ಲಿಂದ ಹೊಕ್ಕ ಧೂಳು ಮೊದಲು ಸಿಲಿಂಡರಿನ ಗೋಡೆಯನ್ನೂ ರಿಂಗುಗಳನ್ನೂ ಉಜ್ಜಿ, ಆಮೇಲೆ ಎಣ್ಣೆಗೆ ಇಳಿಯುತ್ತದೆ. ಬಾಗಿಲು ತೆರೆದಿಟ್ಟು ಹಿತ್ತಲಲ್ಲಿ ಕಸ ಗುಡಿಸಿದರೆ ಮನೆ ಚೊಕ್ಕಟವಾದೀತೆ?

ಮೂರನೆಯದು, ಹೆಚ್ಚಿನ ಫಿಲ್ಟರೆಂದರೆ ಹೆಚ್ಚಿನ ಪೈಪು, ಹೆಚ್ಚಿನ ಜಾಯಿಂಟು. ಒತ್ತಡದ ಪೈಪೊಂದು ನಡುದಾರಿಯಲ್ಲಿ ಕಿತ್ತುಬಂದರೆ ಕೆಲವೇ ನಿಮಿಷಗಳಲ್ಲಿ ಎಣ್ಣೆ ಬರಿದಾಗಿ ಇಂಜಿನ್ ಜಾಮಾಗುತ್ತದೆ. ಉಳಿಸಲು ಹೋದದ್ದೇ ಕೆಡಿಸಿದಂತಾಯಿತು.

ಇಷ್ಟೆಲ್ಲ ಹುಡುಕಿದ ಮೇಲೆ ಉತ್ತರ ಸಿಕ್ಕಿದ್ದು ಕಾರಿನಲ್ಲೇ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಕಾರಿನ ಜೊತೆ ಬಂದ ಇಂಗ್ಲಿಷ್ ಪುಸ್ತಕವೊಂದು ವರ್ಷಗಳಿಂದ ಬಿದ್ದಿತ್ತು. ಧೂಳಿನ ರಸ್ತೆಯಲ್ಲಿ ಓಡುವ ಗಾಡಿಗೆ ಎಣ್ಣೆಯನ್ನೂ ಫಿಲ್ಟರನ್ನೂ ಅರ್ಧ ಅವಧಿಗೇ, ಅಂದರೆ ಹತ್ತು ಸಾವಿರ ಕಿಲೋಮೀಟರಿನ ಬದಲು ಐದು ಸಾವಿರಕ್ಕೇ ಬದಲಿಸಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ತಂದೆಯವರು ಹತ್ತು ಸಾವಿರದ ಲೆಕ್ಕವನ್ನೇ ತಪ್ಪದೆ ಪಾಲಿಸುತ್ತಿದ್ದರು. ಓದುವವರಿಲ್ಲದೆ ಆ ಪುಟ ಸುಮ್ಮನಿತ್ತು. ಓದಬಲ್ಲ ನಾನೂ ಮೂರು ವರ್ಷ ಅದೇ ಕಾರಿನಲ್ಲಿ ಕುಳಿತು ಅದನ್ನು ತೆರೆದಿರಲಿಲ್ಲವೆಂಬುದು ನನ್ನ ನಾಚಿಕೆ.

ಎಣ್ಣೆ, ಫಿಲ್ಟರು ಎರಡೂ ಸೇರಿ ಒಂದು ಸಲಕ್ಕೆ ನಮಗೆ ತಗಲುವುದು ಮೂರು ಸಾವಿರದೊಳಗೆ. ಹದಿನಾರು ಸಾವಿರದಲ್ಲಿ ಐದು ಸಲ ಬದಲಿಸಿದರೂ ಒಂದು ಒಳ್ಳೆಯ ಏರ್ ಫಿಲ್ಟರಿಗೆ ಹಣ ಉಳಿಯುತ್ತದೆ. ಲೆಕ್ಕ ಕೇಳಿದ ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರೆ ಪೈಪು ಮೊದ್ಲು ನೋಡ್ಬೇಕಿತ್ತು” ಎಂದಷ್ಟೇ ಹೇಳಿದರು. ಈಗ ಐದು ಸಾವಿರದ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡುವುದು ನನ್ನ ಕೆಲಸ.

ನಮ್ಮ ಕಾಲೇಜಿನ ಎಷ್ಟೋ ಗೆಳೆಯರ ಮನೆಗಳಲ್ಲಿ ಟ್ರ್ಯಾಕ್ಟರು, ಆಟೋ, ಗೂಡ್ಸ್ ಗಾಡಿಗಳುಂಟು. ಅವರಲ್ಲಿ ನನ್ನದೊಂದು ಬಿನ್ನಹ: ಹೊಸ ಸಲಕರಣೆಗೆ ಹಣ ಹೂಡುವ ಮುನ್ನ ಗಾಡಿಯ ಪುಸ್ತಕವನ್ನು ತೆರೆದು, ಮನೆಯವರಿಗೆ ಕನ್ನಡದಲ್ಲಿ ಓದಿ ಹೇಳಿರಿ. ನನ್ನ ಅಭಿಪ್ರಾಯದಲ್ಲಿ ತಪ್ಪು ಕಂಡರೆ ಅಧ್ಯಾಪಕರೂ ಸಹಪಾಠಿಗಳೂ ತಿದ್ದಲಿ. ತಂದೆಯವರಿಗೆ ತಿಳಿಸುವ ಹೊಣೆ ನನ್ನದು.