ವಿಡಿಯೋದವನಿಗೆ ನಮ್ಮ ಮುಖ ಕಾಣುವುದಿಲ್ಲ

ಅರ್ಧ ಗಂಟೆಯ ಜೋರು ಕಾರ್ಡಿಯೋ ವಿಡಿಯೋಗಳನ್ನು ನೋಡಿದ್ದೀರಾ? ಅದರಲ್ಲಿ ಹಾರುವವರಿಗೆ ಯಾರಿಗೂ ಸೆಖೆ ಆಗುವುದಿಲ್ಲ. ಎಸಿ ಸ್ಟುಡಿಯೋ, ಮರದ ನೆಲ, ಹಿಂದೊಂದು ದೊಡ್ಡ ಕಿಟಕಿ. ಬೆವರು ಬಂದರೂ ಅಲಂಕಾರಕ್ಕೆ ಇಟ್ಟ ಹಾಗೆ ಹಣೆ ಮೇಲೆ ನಾಲ್ಕು ಹನಿ. ಅದೇ ವಿಡಿಯೋವನ್ನು ಏಪ್ರಿಲ್ ತಿಂಗಳಲ್ಲಿ ಕುಂದಾಪುರದ ಮನೆಯ ಚಾವಡಿಯಲ್ಲಿ ಹಾಕಿ ನೋಡಿ. 8 ನಿಮಿಷಕ್ಕೆ ಕಾವಿ ನೆಲದ ಮೇಲೆ ಎರಡು ಅಂಗೈ ಗುರುತು, ಮೂಗಿನ ನೇರಕ್ಕೆ ಒಂದು ಸಣ್ಣ ಕೆರೆ.

ನನ್ನ ಕೆಲಸ ಬೆಂಗಳೂರಿನದ್ದು, ಕುರ್ಚಿ ಕುಂದಾಪುರದ್ದು. ದಿನಕ್ಕೆ 10 ಗಂಟೆ ಅದರಲ್ಲೇ. ಅಪ್ಪಯ್ಯನಿಗೆ 54ಕ್ಕೇ ಸ್ಟೆಂಟ್ ಹಾಕಿದ್ದಾರೆ. ಹಾಗಾಗಿ ಮೊದಲು ಡಾಕ್ಟರ ಹತ್ತಿರ ಹೋಗಿ ಇಸಿಜಿ, ಟ್ರೆಡ್‌ಮಿಲ್ ಟೆಸ್ಟ್, ಕೊಲೆಸ್ಟ್ರಾಲ್ ಎಲ್ಲ ನೋಡಿಸಿಕೊಂಡು ಬಂದೆ. "ಮಾಡಿ, ಆದ್ರೆ ಮೊದ್ಲು ಸ್ವಲ್ಪ ದಿನ ಬರೀ ನಡೀರಿ" ಅಂದರು. ಎರಡು ವಾರ ಕೋಡಿ ಸೀವಾಕ್ ಕಡೆ ನಡೆದೆ. ಆಮೇಲೆ ಚಾವಡಿಯ ಟೀಪಾಯಿ ಬದಿಗೆ ಸರಿಸಿದ್ದು.

ಇಂಥ ವಿಡಿಯೋಗಳ ಬೆನ್ನೆಲುಬು ಬರ್ಪಿ. ಬಸ್ಕಿ ಕೂತು, ಕೈ ಊರಿ, ಕಾಲು ಹಿಂದಕ್ಕೆ ಎಸೆದು, ಮತ್ತೆ ಎಳೆದುಕೊಂಡು, ಎದ್ದು ಹಾರುವುದು. ಶಾಲೆಯಲ್ಲಿ ಶಿಕ್ಷೆಗೆ ಬಸ್ಕಿ ತೆಗೆದವರಿಗೆ ಅರ್ಧ ಪರಿಚಯ ಆಗಲೇ ಇದೆ. ಬರ್ಪಿ ಅನ್ನುವುದು ಒಬ್ಬ ಮನುಷ್ಯನ ಹೆಸರು ಅಂತ ನನಗೆ ತಿಳಿದದ್ದು ಈಚೆಗೆ. ರಾಯಲ್ ಬರ್ಪಿ ಎಂಬ ಅಮೆರಿಕದ ಶರೀರಶಾಸ್ತ್ರಜ್ಞ 1930ರ ದಶಕದಲ್ಲಿ ಇದನ್ನು ಮಾಡಿದ್ದು ದೇಹ ಎಷ್ಟು ಗಟ್ಟಿ ಎಂದು ಪರೀಕ್ಷಿಸಲಿಕ್ಕೆ. ನಾಲ್ಕೇ ಸಲ ಮಾಡಿಸುವುದು, ಎದೆಬಡಿತ ಮೊದಲು ಎಷ್ಟಿತ್ತು ಆಮೇಲೆ ಎಷ್ಟಾಯಿತು ಅಂತ ಎಣಿಸುವುದು. ಕೊನೆಯ ಹಾರುವಿಕೆ ಅದರಲ್ಲಿ ಇರಲೇ ಇಲ್ಲ. ಟೆಸ್ಟ್ ಕೇಸನ್ನೇ ಪ್ರೊಡಕ್ಷನ್‌ಗೆ ಬಿಟ್ಟ ಹಾಗಾಯಿತು ಅಂದರೆ ನನ್ನ ಕಸುಬಿನವರಿಗೆ ಅರ್ಥವಾದೀತು.

ಇನ್ನೊಂದು ದೊಡ್ಡ ಹೆಸರು ತಬಾಟ. ಜಪಾನಿನ ಇಜುಮಿ ತಬಾಟ ಮತ್ತು ಜೊತೆಯವರು 1996ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಬಂದದ್ದು. ಪದ್ಧತಿ ಅಲ್ಲಿನ ಸ್ಪೀಡ್ ಸ್ಕೇಟಿಂಗ್ ತಂಡದ ಕೋಚ್ ಇರಿಸಾವಾ ಅವರದ್ದು: 20 ಸೆಕೆಂಡು ಪೂರ್ತಿ ಶಕ್ತಿ, 10 ಸೆಕೆಂಡು ವಿರಾಮ, ಹೀಗೆ 7–8 ಸುತ್ತು. ಒಟ್ಟು ನಾಲ್ಕು ನಿಮಿಷದ ಒಳಗೆ ಮುಗಿಯಿತು. ಇನ್ನೊಂದು ಗುಂಪು ದಿನಕ್ಕೆ ಒಂದು ಗಂಟೆ ಮಧ್ಯಮ ವೇಗದಲ್ಲಿ ತುಳಿಯಿತು. ಆರು ವಾರ ಆದ ಮೇಲೆ ಆಮ್ಲಜನಕ ಬಳಸುವ ಸಾಮರ್ಥ್ಯ ಎರಡೂ ಗುಂಪಿನಲ್ಲಿ ಏರಿತ್ತು. ಆಮ್ಲಜನಕ ಸಾಲದ ಹೊತ್ತಿನಲ್ಲಿ ಬೇಕಾಗುವ ಶಕ್ತಿ ಮಾತ್ರ ಮೊದಲ ಗುಂಪಿನಲ್ಲಷ್ಟೇ ಶೇ. 28 ಹೆಚ್ಚಿತ್ತು.

ಇದು ನಿಜ. ಆದರೆ ಆ ಹುಡುಗರು ದೈಹಿಕ ಶಿಕ್ಷಣದ ವಿದ್ಯಾರ್ಥಿಗಳು, ಮತ್ತು ತುಳಿದದ್ದು ಲ್ಯಾಬಿನಲ್ಲಿ ನಿಂತಲ್ಲೇ ನಿಂತ ಸೈಕಲ್ಲು. ಹಾರಿ ಹಾರಿ ಮಂಡಿ ಮೇಲೆ ಬಿದ್ದದ್ದಲ್ಲ. ಎಂಟನೇ ಸುತ್ತಿನ ಹೊತ್ತಿಗೆ ಅವರಿಗೆ ಇನ್ನು ಆಗುತ್ತಿರಲಿಲ್ಲ. ಅರ್ಧ ಗಂಟೆ ನಗುನಗುತ್ತಾ ಮಾಡುವಂಥದ್ದಕ್ಕೆ ತಬಾಟ ಅಂತ ಹೆಸರಿಟ್ಟರೆ ಅದು ಹೆಸರಿಗೆ ಮಾತ್ರ.

ಇನ್ನು ನಮ್ಮ ಸೆಖೆ. ಬೆವರು ಬಂದರೆ ಮೈ ತಣ್ಣಗಾಗುತ್ತದೆ ಅಂತ ಕಲಿತಿದ್ದೇವೆ. ತಣ್ಣಗಾಗುವುದು ಅದು ಆವಿಯಾದಾಗ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೋಗುತ್ತದೆ, ನೆಲಕ್ಕೆ ತೊಟ್ಟಿಕ್ಕಿದರೆ ಏನೂ ಇಲ್ಲ. ಕಡಲ ಬದಿಯ ಗಾಳಿಯಲ್ಲಿ ಮೊದಲೇ ನೀರಿನಂಶ ತುಂಬಿರುತ್ತದೆ. ಆಗ ಶಾಖ ಹೊರಗೆ ಹಾಕಲು ಹೃದಯ ಚರ್ಮದ ಕಡೆಗೂ ಹೆಚ್ಚು ರಕ್ತ ಕಳಿಸಬೇಕು, ಅದೇ ಹೊತ್ತಿಗೆ ಕಾಲಿಗೂ ಕಳಿಸಬೇಕು. ಬಡಿತ ಏರುತ್ತದೆ. ಬೆಂಗಳೂರಿನ ಗೆಳೆಯ ಮಾಡಿದ ಅದೇ 15 ನಿಮಿಷ ನಮಗೆ ಇಲ್ಲಿ ಬೇರೆಯೇ ಲೆಕ್ಕ. ಫ್ಯಾನ್ ನೇರ ಮೈಗೆ ಬೀಸುವಂತೆ ಇಟ್ಟುಕೊಳ್ಳಿ, ಬೆಳಿಗ್ಗೆ ಬೇಗ ಮಾಡಿ. ಆಮೇಲೆ ಉಪ್ಪು ಹಾಕಿದ ಗಂಜಿ ತೆಳಿ ಒಂದು ಲೋಟ ಕುಡಿದರೆ ಅಂಗಡಿಯ ಬಣ್ಣದ ಬಾಟ್ಲಿ ಬೇಡ.

ನಮ್ಮ ಮನೆಯಲ್ಲಿ ಇದಕ್ಕೆಲ್ಲ ಒಂದೇ ಆಕ್ಷೇಪಣೆ. "ಉಸ್ರ್ ಬಿಡುಕ್ ಆತಿಲ್ಲೆ ನಿಂಗೆ. ಸಾಕ್ ಮಾಡ್ ಮಗಾ. ಅಪ್ಪುಗೆ ಎಂತ ಆಯ್ತ್ ಗೊತ್ತಿಲ್ಯಾ?"

ಗೊತ್ತಿಲ್ಲದವರು ಯಾರು? 2021ರ ಅಕ್ಟೋಬರ್ 29, ಶುಕ್ರವಾರ. ಪುನೀತ್ ರಾಜ್‌ಕುಮಾರ್‌ಗೆ 46. ಅದಾದ ಮೇಲೆ ಬೆಂಗಳೂರಿನ ಜಯದೇವದಲ್ಲಿ ತಪಾಸಣೆಗೆ ಸಾಲುಗಟ್ಟಿದ ಜನರನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಆ ಸಾವಿನ ಕಾರಣ ಹೇಳಲು ನಾನು ಯಾರೂ ಅಲ್ಲ. ಆದರೆ ಸ್ಟೆಂಟ್ ಹಾಕಿದ ಗಂಡ, 30 ವರ್ಷದ ಮಗ ಇರುವ ಅಮ್ಮನ ಹೆದರಿಕೆಯನ್ನು ಮೂಢನಂಬಿಕೆ ಅಂತ ತಳ್ಳಿಹಾಕಲೂ ಆಗುವುದಿಲ್ಲ. ಅದರಲ್ಲಿ ಸತ್ಯ ಇದೆ. 1993ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಜೋರು ಶ್ರಮದ ನಂತರದ ಒಂದು ಗಂಟೆಯನ್ನು ನೋಡಿತ್ತು. ವ್ಯಾಯಾಮವೇ ಇಲ್ಲದವರಲ್ಲಿ ಆ ಗಂಟೆಯಲ್ಲಿ ಹೃದಯಾಘಾತದ ಸಾಧ್ಯತೆ 100 ಪಟ್ಟಿಗೂ ಮೇಲೆ ಏರಿತ್ತು. ವಾರಕ್ಕೆ 5 ದಿನವೋ ಹೆಚ್ಚೋ ಮಾಡುವವರಲ್ಲಿ ಬರೀ 2.4 ಪಟ್ಟು. ಮೂಲ ಸಾಧ್ಯತೆಯೇ ಬಹಳ ಸಣ್ಣದು ಅನ್ನುವುದೂ ನೆನಪಿರಲಿ. ಆದರೂ ಕುರ್ಚಿಯಿಂದ ಎದ್ದು ನೇರ ಬರ್ಪಿಗೆ ಇಳಿಯುವುದು ಬೇರೆ, ಮೆಟ್ಟಿಲು ಹತ್ತಿದ ಹಾಗೆ ಹೋಗುವುದು ಬೇರೆ.

ಮಂದಾರ್ತಿ ಮೇಳವೋ ಮಾರಣಕಟ್ಟೆ ಮೇಳವೋ ಆಟ ನೋಡಿದವರಿಗೆ ಮಂಡಿ ಕುಣಿತ ಗೊತ್ತು. ಅಭಿಮನ್ಯು ಮಂಡಿಯ ಮೇಲೆ ಸುತ್ತುತ್ತಾನೆ, ಚೆಂಡೆ ಏರುತ್ತದೆ, ಮೈಮೇಲೆ ಅಷ್ಟು ಭಾರದ ವೇಷ. ಪದ ಮುಗಿದ ಕೂಡಲೇ ಅವನು ಅರ್ಥ ಹೇಳಬೇಕು. ಉಸಿರು ಉಳಿದಿರಬೇಕು, ಮಾತು ತುಂಡಾಗಬಾರದು. ಅದಕ್ಕೇ ಭಾಗವತರು ವೇಷಧಾರಿಯ ಮುಖ ನೋಡುತ್ತಾ ಪದ ಎಳೆಯುತ್ತಾರೆ ಇಲ್ಲವೇ ಇಳಿಸುತ್ತಾರೆ. ವಿಡಿಯೋದಲ್ಲಿ ಇಲ್ಲದ್ದು ಇದೊಂದೇ. "ಕಮಾನ್, ಇನ್ನೂ ಐದು" ಅಂತ ಕೂಗುವವನಿಗೆ ನನ್ನ ಮುಖ ಕೆಂಪಾಗಿದೆಯೋ ಬಿಳುಚಿದೆಯೋ ಕಾಣುವುದಿಲ್ಲ.

ವ್ಯಾಯಾಮದ ಪುಸ್ತಕದಲ್ಲೂ ಇದೇ ಪರೀಕ್ಷೆ ಇದೆ. ಮಾತಾಡಬಹುದು ಆದರೆ ಹಾಡಲಾಗದು ಅಂದರೆ ಮಧ್ಯಮ ಶ್ರಮ. ನಾಲ್ಕು ಶಬ್ದಕ್ಕೆ ಉಸಿರು ಎಳೆಯಬೇಕಾದರೆ ತೀವ್ರ. ವಾರಕ್ಕೆ ಮಧ್ಯಮವಾದರೆ 150ರಿಂದ 300 ನಿಮಿಷ, ತೀವ್ರವಾದರೆ 75ರಿಂದ 150 ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎದೆ ಹಿಡಿದ ಹಾಗೆ, ದವಡೆಗೋ ತೋಳಿಗೋ ನೋವು, ತಲೆ ಸುತ್ತು ಬಂದರೆ ಮಾತ್ರ ಯಾವ ಲೆಕ್ಕವೂ ಇಲ್ಲ. ನಿಲ್ಲಿಸಿ ಆಸ್ಪತ್ರೆಗೆ ಹೋಗುವುದು, ಗ್ಯಾಸ್ ಅಂತ ಸೋಡಾ ಕುಡಿಯುವುದಲ್ಲ.

ಈಗ ನನ್ನದು ವಾರಕ್ಕೆ ಮೂರು ದಿನ, 12 ನಿಮಿಷ. ಬರ್ಪಿ ಹಾರದೆ. 20 ಸೆಕೆಂಡು ಕೆಲಸ, 40 ಸೆಕೆಂಡು ವಿರಾಮ, ವಿಡಿಯೋದ ದನಿ ಮ್ಯೂಟ್. ಉಳಿದ ದಿನ ನಡಿಗೆ. ಅಮ್ಮ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಪ್ರತಿ ವಿರಾಮದಲ್ಲೂ ಅಡುಗೆಮನೆಯಿಂದ ಅವರೊಂದು ಪ್ರಶ್ನೆ ಕೇಳುತ್ತಾರೆ, ನಾನು ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡಬೇಕು. ಮೊನ್ನೆ ಏಳನೇ ಸುತ್ತಿಗೆ "ಮಧ್ಯಾಹ್ನಕ್ಕೆ ಎಂತ ಮಾಡುದ್?" ಅಂತ ಬಂತು. "ಮೀನ್... ಸಾರ್" ಅಷ್ಟೇ ಹೊರಟಿತು.

"ವಾಕ್ಯ ಪೂರ್ತಿ ಹೇಳ್" ಅಂದರು. ಫೋನ್ ಪಾಸ್ ಮಾಡಿ ನೆಲದ ಮೇಲೆ ಕೂತೆ.