ತಿದ್ದಿದವರಾರು?

ಕನ್ನಡದಲ್ಲಿ ‘ತಿದ್ದು’ ಎಂಬ ಒಂದೇ ಕ್ರಿಯಾಪದ ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತದೆ. ಮಗುವಿನ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸುವಾಗ, ಇದ್ದ ಗೆರೆಯ ಮೇಲೆಯೇ ಮತ್ತೆ ಮತ್ತೆ ಗೆರೆಯೆಳೆದು ಇದ್ದುದನ್ನು ಇನ್ನಷ್ಟು ಸ್ಫುಟಗೊಳಿಸುತ್ತೇವೆ. ಅದೇ ಮಗು ಬೆಳೆದು ಕಾಲೇಜಿಗೆ ಬಂದು ಪ್ರಬಂಧ ಬರೆದಾಗ ನಮ್ಮಂಥ ಅಧ್ಯಾಪಕರು ತಿದ್ದುವುದೆಂದರೆ ಇದ್ದುದನ್ನು ಹೊಡೆದುಹಾಕಿ ಬೇರೊಂದನ್ನು ನಿಲ್ಲಿಸುವುದು. ಆದರೂ ಕೆಂಪು ಶಾಯಿಯ ಗೆರೆಯಡಿಯಲ್ಲಿ ಹಳೆಯದು ಕಾಣುತ್ತಲೇ ಇರುತ್ತದೆ. ಹೊಡೆದ ಕೈ ಯಾರದೆಂಬುದೂ ತಿಳಿಯುತ್ತದೆ. ಗಣಕಯಂತ್ರ ಬಂದ ಮೇಲೆ ಮೂರನೆಯ ಬಗೆಯ ತಿದ್ದುವಿಕೆಯೊಂದು ಹುಟ್ಟಿಕೊಂಡಿತು. ಅದರಲ್ಲಿ ಹಳೆಯದು ಕುರುಹೂ ಉಳಿಯದಂತೆ ಮಾಯವಾಗುತ್ತದೆ. ಈ ವಾರ ವಾಚಕರೊಡನೆ ಮಾತನಾಡಬೇಕೆಂದಿರುವುದು ಈ ಮೂರನೆಯದನ್ನು ಕುರಿತು.

ಪದವಿ ತರಗತಿಗಳಿಗಾಗಿ ಹಳಗನ್ನಡದ ಒಂದು ಚಿಕ್ಕ ಸಂಕಲನವನ್ನು ನಾವು ನಾಲ್ವರು ಸೇರಿ ಸಿದ್ಧಪಡಿಸುತ್ತಿದ್ದೆವು. ಇಬ್ಬರು ಶಿವಮೊಗ್ಗೆಯವರು, ಒಬ್ಬರು ಶಂಕರಘಟ್ಟದ ಕಡೆಯವರು, ನಾಲ್ಕನೆಯವರು ಭದ್ರಾವತಿಯ ನಿವೃತ್ತ ಅಧ್ಯಾಪಕರು, ನಮ್ಮೆಲ್ಲರಿಗಿಂತ ಹಿರಿಯರು. ೧೯೩೬ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದದ ಕಾರ್ಖಾನೆಯ ಆಸುಪಾಸಿನಲ್ಲೇ ಬಾಳಿದವರು. ಆ ಕಾರ್ಖಾನೆಯ ಯಂತ್ರಗಳು ನಿಂತುಹೋದವು; ಇವರ ಕಾಗದದ ಮೋಹ ಮಾತ್ರ ನಿಂತಿಲ್ಲ. ಹಳಗನ್ನಡದ ಱಕಾರ ಮತ್ತು ೞಕಾರಗಳನ್ನು ಅವು ಇರಬೇಕಾದ ಕಡೆಯಲ್ಲೆಲ್ಲ ಇರಿಸಲೇಬೇಕೆಂಬುದು ಅವರ ಹಟ. ತಿಂಗಳುಗಟ್ಟಲೆ ಕುಳಿತು ಒಂದೊಂದನ್ನೂ ಗುರುತುಮಾಡಿಕೊಟ್ಟಿದ್ದರು.

ಪುಟ ಕಟ್ಟುವ ಹುಡುಗನ ಬಳಿಯಿದ್ದ ಅಕ್ಷರ ವಿನ್ಯಾಸದಲ್ಲಿ ಱಕಾರವೇ ಇರಲಿಲ್ಲ. ಅದಿರಬೇಕಾದ ಜಾಗದಲ್ಲೆಲ್ಲ ಒಂದು ಖಾಲಿ ಚೌಕ ಮೂಡುತ್ತಿತ್ತು. ಆತ ಉಪಕಾರ ಮಾಡುವ ಬುದ್ಧಿಯಿಂದಲೇ ಒಂದೇ ಆಜ್ಞೆಯಲ್ಲಿ ಎಲ್ಲ ಱಕಾರಗಳನ್ನೂ ರಕಾರಗಳನ್ನಾಗಿ ಮಾಡಿಬಿಟ್ಟ. ಹಳಗನ್ನಡದಲ್ಲಿ ‘ಅಱಸಿ’ ಎಂದರೆ ಹುಡುಕಿ; ‘ಅರಸಿ’ ಎಂದರೆ ರಾಣಿ. ಕಾಡೆಲ್ಲ ಹುಡುಕಿದನೆಂದು ಅರ್ಥವಾಗಬೇಕಾದ ಕಡೆ ಕಾಡಿನ ನಡುವೆ ರಾಣಿಯೊಬ್ಬಳು ಎದ್ದು ನಿಂತಳು. ಪರೀಕ್ಷೆಯಲ್ಲಿ ವಿದ್ಯಾರ್ಥಿ ‘ರಾಣಿ’ ಎಂದೇ ಅರ್ಥ ಬರೆದರೆ ಅಂಕ ಕಳೆಯುವ ಅಧಿಕಾರ ನಮಗುಂಟೆ?

ಅದಕ್ಕಿಂತ ಕೆಟ್ಟದ್ದು ಇನ್ನೊಂದು ನಡೆಯಿತು. ಕರಡಚ್ಚು ಭದ್ರಾವತಿ ತಲುಪಿದಾಗ, ಕಿರಿಯರಾದ ನಾವು ಮೂವರು ತಮ್ಮ ಮಾತನ್ನು ಸದ್ದಿಲ್ಲದೆ ತಳ್ಳಿಹಾಕಿದೆವೆಂದು ಹಿರಿಯರು ಭಾವಿಸಿದರು. ಅವರು ಬೈಯಲಿಲ್ಲ; ಬೈದಿದ್ದರೆ ಒಳಿತಿತ್ತು. ಎರಡು ವಾರ ದೂರವಾಣಿಯಲ್ಲಿ ಅವರ ದನಿಯೇ ಇಲ್ಲ. ಶಿವಮೊಗ್ಗೆಯಿಂದ ಭದ್ರಾವತಿಗೆ ಒಂದು ಗಂಟೆಯ ದಾರಿಯೂ ಅಲ್ಲ. ಆ ಎರಡು ವಾರ ಅದು ಬಹಳ ದೂರದ ಊರಾಗಿತ್ತು.

ಹಲವರು ಸೇರಿ ಒಂದು ಗ್ರಂಥವನ್ನು ರೂಪಿಸುವುದು ನಮ್ಮಲ್ಲಿ ಹೊಸತಲ್ಲ. ‘ಶೂನ್ಯಸಂಪಾದನೆ’ಯನ್ನೇ ನೋಡಿ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಕಟ್ಟಿದ ಕೃತಿಯನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ಒಬ್ಬರಾದ ಮೇಲೊಬ್ಬರು ಪರಿಷ್ಕರಿಸಿದರು, ವಿಸ್ತರಿಸಿದರು. ನಾಲ್ಕು ರೂಪಗಳೂ ಉಳಿದುಬಂದಿರುವುದರಿಂದಲೇ ಯಾವುದನ್ನು ಯಾರು ಸೇರಿಸಿದರೆಂದು ವಿದ್ವಾಂಸರು ಇಂದು ಹೋಲಿಸಿ ಹೇಳಬಲ್ಲರು. ಕಡೆಯದೊಂದೇ ಉಳಿದಿದ್ದರೆ? ತಾಳೆಗರಿಯಿಂದ ಅಚ್ಚಿಗೆ ಬಂದ ಕಾಲದಲ್ಲಿ ಗ್ರಂಥಸಂಪಾದಕರು ಇದಕ್ಕೊಂದು ಕಟ್ಟಳೆಯನ್ನೇ ಮಾಡಿಕೊಂಡರು: ಪ್ರತಿಗಳಿಗೆ ಕ, ಖ, ಗ ಎಂದು ಹೆಸರಿಟ್ಟು, ತಾವು ಒಪ್ಪಿದ ಪಾಠವನ್ನು ಮೇಲೆಯೂ ಒಪ್ಪದ ಪಾಠಾಂತರಗಳನ್ನು ಪುಟದ ಅಡಿಯಲ್ಲಿಯೂ ಕೊಡುವುದು. ಸೋತ ಪಾಠಕ್ಕೂ ಮನೆಯಲ್ಲಿ ಒಂದು ಮೂಲೆ ಉಂಟು. ನಾಳೆ ಇನ್ನೊಬ್ಬ ಪಂಡಿತ ಬಂದು ಅದನ್ನೇ ಗೆಲ್ಲಿಸಬಹುದು.

ಈ ಅಡಿಟಿಪ್ಪಣಿಯ ಬುದ್ಧಿಯನ್ನು ಯಂತ್ರಕ್ಕೆ ಕಲಿಸಲು ಸಾಧ್ಯವೆ? ಸಾಧ್ಯವಾಗಿದೆ, ಆದರೆ ಕನ್ನಡದ ಮಟ್ಟಿಗೆ ಅರೆಬರೆಯಾಗಿ.

ಡೊನಾಲ್ಡ್ ಕ್ನೂತ್ ಎಂಬ ಅಮೆರಿಕದ ಪ್ರಾಧ್ಯಾಪಕರು ತಮ್ಮ ಗ್ರಂಥದ ಹೊಸ ಆವೃತ್ತಿಯ ಕರಡಚ್ಚು ಕಣ್ಣಿಗೆ ಹಿತವಾಗಲಿಲ್ಲವೆಂಬ ಕಾರಣಕ್ಕೆ ೧೯೭೭ರಲ್ಲಿ ‘ಟೆಕ್’ ಎಂಬ ಅಕ್ಷರಜೋಡಣೆಯ ತಂತ್ರಾಂಶವನ್ನು ರಚಿಸಲು ತೊಡಗಿದರು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ‘ಲೇಟೆಕ್’ ಕಟ್ಟಿದರು. ಗಣಿತಜ್ಞ ಸಿ. ಎಸ್. ಯೋಗಾನಂದರು ಅದನ್ನು ಕನ್ನಡಕ್ಕೆ ಒಗ್ಗಿಸಲು ಶ್ರಮಿಸಿದರು. ಇದರಲ್ಲಿ ಬರೆಯುವವರು ಬರಿಯ ಅಕ್ಷರಗಳನ್ನೂ ‘ಇಲ್ಲಿ ಅಧ್ಯಾಯ’, ‘ಇಲ್ಲಿ ಅಡಿಟಿಪ್ಪಣಿ’ ಎಂಬಂಥ ಸೂಚನೆಗಳನ್ನೂ ಬರೆಯುತ್ತಾರೆ. ಪುಟ ಕಟ್ಟುವುದು ಯಂತ್ರದ ಹೊಣೆ. ಬರೆದದ್ದು ಬರಿಯ ಅಕ್ಷರವಾದುದರಿಂದ ನಿನ್ನೆಯ ಪ್ರತಿಯನ್ನೂ ಇಂದಿನ ಪ್ರತಿಯನ್ನೂ ಎದುರುಬದುರಾಗಿ ಇಟ್ಟು ಹೋಲಿಸಬಹುದು.

ಹೋಲಿಸುವ ಉಪಕರಣವೂ ಹಳೆಯದೇ. ೧೯೭೦ರ ದಶಕದ ಮೊದಲಲ್ಲಿ ಬೆಲ್ ಪ್ರಯೋಗಾಲಯದ ಡಗ್ಲಸ್ ಮೆಕಿಲ್ರಾಯ್ ‘ಡಿಫ್’ ಎಂಬುದನ್ನು ರಚಿಸಿದರು. ಹಿರಿಯ ಮಗಳ ಮದುವೆಯ ಆಹ್ವಾನಿತರ ಪಟ್ಟಿಯನ್ನೂ ಕಿರಿಯಳ ಮದುವೆಯದನ್ನೂ ಗೃಹಿಣಿ ಅಕ್ಕಪಕ್ಕ ಇಟ್ಟುಕೊಂಡು, ಎರಡರಲ್ಲೂ ಅದೇ ಅನುಕ್ರಮದಲ್ಲಿ ಬರುವ ಹೆಸರುಗಳನ್ನು ಬಿಟ್ಟು ಉಳಿದವಕ್ಕೆ ಮಾತ್ರ ಗುರುತು ಹಾಕುತ್ತಾಳಲ್ಲ, ಅದೇ ಯುಕ್ತಿ. ಆದರೆ ಅದರ ಅಳತೆಗೋಲು ಸಾಲು. ಗಣಕದ ಆಜ್ಞೆಗಳು ಸಾಲು ಸಾಲಾಗಿರುವುದರಿಂದ ಅಲ್ಲಿ ಅದು ಸರಿ. ಗದ್ಯದಲ್ಲಿ ನಾವು ಇಡೀ ಪರಿಚ್ಛೇದವನ್ನು ಒಂದೇ ಸಾಲಾಗಿ ಬರೆದುಬಿಡುತ್ತೇವೆ. ಒಂದು ಅಲ್ಪವಿರಾಮ ಬದಲಾದರೂ ‘ಪರಿಚ್ಛೇದವೇ ಬದಲಾಯಿತು’ ಎಂದು ಅದು ಕೂಗುತ್ತದೆ. ಇದಕ್ಕೆ ಖರ್ಚಿಲ್ಲದ ಮದ್ದೊಂದುಂಟು: ಒಂದು ವಾಕ್ಯಕ್ಕೆ ಒಂದು ಸಾಲು. ಟೆಕ್ ಸಾಲಿನ ಕೊನೆಯನ್ನು ಬರಿಯ ತೆರಪೆಂದು ತಿಳಿಯುತ್ತದೆ. ಖಾಲಿ ಸಾಲು ಬಂದಾಗಲೇ ಹೊಸ ಪರಿಚ್ಛೇದ. ಹೀಗಾಗಿ ಅಚ್ಚಾದ ಪುಟದ ಅಂದ ಕೆಡುವುದಿಲ್ಲ. ಪದಪದವನ್ನೂ ಹೋಲಿಸುವ ‘ಲೇಟೆಕ್‌ಡಿಫ್’ ಎಂಬುದೂ ಇದೆ. ಫ್ರೆಡರಿಕ್ ಟಿಲ್ಮನ್ ಅವರ ರಚನೆ. ಹೋದ ಮಾತನ್ನು ಕೆಂಪಿನಲ್ಲಿ ಹೊಡೆದು, ಬಂದ ಮಾತಿಗೆ ನೀಲಿಯ ಅಲೆಗೆರೆ ಹಾಕಿ, ಕಟ್ಟಿದ ಪುಟದ ಮೇಲೆಯೇ ತೋರಿಸುತ್ತದೆ. ಬಹು ಸೊಗಸಾದ ವಸ್ತು.

ಆದರೆ ಪದವೆಂಬ ಅಳತೆಯೂ ಕನ್ನಡಕ್ಕೆ ಹೊಂದುವುದಿಲ್ಲ. ‘ಬರೆಯಬೇಕಾಗಿರಲಿಲ್ಲವೆಂಬುದನ್ನು’ ಎಂಬುದು ನಮಗೆ ಒಂದೇ ಪದ. ಅದರಲ್ಲಿ ಒಂದು ಗುಣಿತ ಬದಲಾದರೆ ಇಡೀ ರೈಲುಗಾಡಿ ಕೆಂಪಾಗುತ್ತದೆ. ಪಕ್ಕದಲ್ಲಿ ಇನ್ನೊಂದು ಗಾಡಿ ನೀಲಿಯಾಗಿ ನಿಲ್ಲುತ್ತದೆ. ವ್ಯತ್ಯಾಸ ಎಲ್ಲಿದೆಯೆಂದು, ವಾರಪತ್ರಿಕೆಯ ಮಕ್ಕಳ ಪುಟದ ಎರಡು ಚಿತ್ರಗಳನ್ನು ನೋಡುವಂತೆ ಕಣ್ಣು ಕಿರಿದು ಮಾಡಿ ಹುಡುಕಬೇಕು. ಹಾಗಾದರೆ ಯಂತ್ರದ ಒಂದೊಂದು ಸಂಕೇತವನ್ನೂ ಹೋಲಿಸೋಣವೆಂದರೆ ಅದು ಇನ್ನೂ ಕೆಟ್ಟದು. ‘ಕಿ’ ಎಂಬುದು ನಮಗೆ ಒಂದು ಅಕ್ಷರ. ಯಂತ್ರಕ್ಕೆ ಕಕಾರ ಬೇರೆ, ಗುಡಿಸು ಬೇರೆ. ‘ಕಿ’ಯನ್ನು ‘ಕೀ’ ಎಂದು ತಿದ್ದಿದರೆ ನಡುವೆ ಬಣ್ಣದ ಸೂಚನೆ ನುಗ್ಗಿ, ವ್ಯಂಜನ ಒಂದು ಕಡೆ, ಗುಡಿಸು ಚುಕ್ಕೆಗಳ ವೃತ್ತವೊಂದರ ಮೇಲೆ ಅನಾಥವಾಗಿ ಮತ್ತೊಂದು ಕಡೆ ಬೀಳುತ್ತದೆ. ನಮ್ಮ ಬರಹಕ್ಕೆ ಸರಿಯಾದ ಅಳತೆ ಸಾಲಲ್ಲ, ಪದವಲ್ಲ, ಸಂಕೇತವೂ ಅಲ್ಲ, ಅಕ್ಷರ. ಒತ್ತು, ಗುಣಿತ ಎಲ್ಲವನ್ನೂ ಮೈಗೂಡಿಸಿಕೊಂಡ ಇಡಿಯ ಅಕ್ಷರ. ಷಟ್ಪದಿಗೆ ಮಾತ್ರೆ ಹಾಕಲು ಕಲಿತ ವಿದ್ಯಾರ್ಥಿ ಯಾವುದನ್ನು ಅಕ್ಷರವೆಂದು ಎಣಿಸುವನೋ ಅದು.

ಇದರ ಜತೆಗೆ ಕಣ್ಣಿಗೆ ಕಾಣದ ಭೂತಗಳೂ ಇವೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಕಕಾರ ಜಕಾರದ ಕೆಳಗೆ ಒತ್ತಾಗಿ ಇಳಿಯದಂತೆ ನಡುವೆ ಅದೃಶ್ಯ ಸಂಕೇತವೊಂದನ್ನು ಇಡುತ್ತೇವೆ. ಅಲ್ಲಿ ಅದು ಬೇಕು. ಕೆಲವು ಕೀಲಿಮಣೆಗಳು ಪದದ ಕೊನೆಯಲ್ಲಿಯೂ ಅದನ್ನು ಬಿಟ್ಟುಹೋಗುತ್ತವೆ. ಅಲ್ಲಿ ಅದಕ್ಕೆ ಯಾವ ಕೆಲಸವೂ ಇಲ್ಲ. ‘ಕೋ’ ಎಂಬಲ್ಲಿನ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಮೂರು ತುಂಡುಗಳಾಗಿಯೂ ಇಡಬಹುದು. ಎರಡೂ ಸಮಾನವೆಂದು ಯುನಿಕೋಡ್ ನಿಯಮವೇ ಹೇಳುತ್ತದೆ. ಆದರೂ ಬರಿಯ ಡಿಫ್ ಇವೆಲ್ಲವನ್ನೂ ಬದಲಾವಣೆಯೆಂದು ಎಣಿಸುತ್ತದೆ. ನೂರು ಸುಳ್ಳು ಗುರುತುಗಳ ನಡುವೆ ನಿಜವಾದ ಒಂದು ಱಕಾರ ಕಳೆದುಹೋದರೆ ಯಾರ ಕಣ್ಣಿಗೆ ಬಿದ್ದೀತು? ಹೋಲಿಸುವ ಮೊದಲು ಎರಡು ಪ್ರತಿಗಳನ್ನೂ ಒಂದೇ ರೂಪಕ್ಕೆ ತಂದು ಶುದ್ಧಿಮಾಡುವುದು ಕನ್ನಡದ ಉಪಕರಣದ ಮೊದಲ ಕರ್ತವ್ಯವಾಗಬೇಕು. ಹಳೆಯ ‘ನುಡಿ’ಯ ಸಂಕೇತದಲ್ಲಿ ಉಳಿದಿರುವ ಪ್ರತಿಗಳ ವಿಚಾರ ಬೇರೆಯೇ, ಅವನ್ನು ಪರಿವರ್ತಿಸದೆ ಹೋಲಿಸಹೊರಟರೆ ಒಂದು ಸಾಲೂ ಹೊಂದುವುದಿಲ್ಲ.

ಯುನಿಕೋಡಿನ ಮಾತು ಬಂದುದರಿಂದ ಒಂದು ಸ್ವಾರಸ್ಯ ಹೇಳಿಬಿಡುತ್ತೇನೆ. ಆ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ನಮ್ಮ ೞಕಾರಕ್ಕೆ ಯಾರೋ ತಪ್ಪಾಗಿ ‘ಕನ್ನಡ ಲೆಟರ್ ಫಾ’ ಎಂದು ನಾಮಕರಣ ಮಾಡಿದರು. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಕೂಡದೆಂಬುದು ಅಲ್ಲಿನ ನಿಯಮ. ಆದುದರಿಂದ ತಪ್ಪು ಹೆಸರು ಹಾಗೆಯೇ ಉಳಿಯಿತು. ಸರಿಯಾದ ಹೆಸರನ್ನು ಅದರ ಪಕ್ಕದಲ್ಲಿ ತಿದ್ದುಪಡಿಯೆಂದು ಬರೆದಿಟ್ಟರು. ನನಗೇನೋ ಇದು ಹಾಸ್ಯಾಸ್ಪದವೆಂದು ತೋರುವುದಿಲ್ಲ. ಹಳೆಯ ಸಂಪಾದಕರು ಕಂಡಿದ್ದರೆ ತಲೆದೂಗುತ್ತಿದ್ದರು.

ಏನು ಬದಲಾಯಿತೆಂದು ಯಂತ್ರ ಹೇಳೀತು. ಏಕೆ ಬದಲಾಯಿತೆಂಬುದನ್ನು ಮನುಷ್ಯನೇ ಹೇಳಬೇಕು. ಕ್ನೂತ್ ಅವರು ಟೆಕ್ ರಚಿಸುವಾಗ ಕಂಡ ದೋಷಗಳನ್ನೂ ಮಾಡಿದ ಮಾರ್ಪಾಡುಗಳನ್ನೂ ದಿನಚರಿಯಂತೆ ಬರೆದಿಟ್ಟು, ವರ್ಗೀಕರಿಸಿ, ೧೯೮೯ರಲ್ಲಿ ಪ್ರಕಟಿಸಿಯೇಬಿಟ್ಟರು. ೨೦೦೫ರಲ್ಲಿ ಲೀನಸ್ ಟೋರ್ವಾಲ್ಡ್ಸ್ ರಚಿಸಿದ ‘ಗಿಟ್’ ಎಂಬ ದಫ್ತರವು ಪ್ರತಿಯೊಂದು ತಿದ್ದುಪಡಿಯ ಕಂತೆಗೂ ಹೆಸರು, ವೇಳೆಗಳನ್ನು ಬರೆದುಕೊಂಡು, ಒಂದು ಮಾತಿನ ಕಾರಣವನ್ನೂ ಕೇಳುತ್ತದೆ. ಕಾರಣದ ಜಾಗದಲ್ಲಿ ನಮ್ಮ ಮಿತ್ರರೊಬ್ಬರು ಬರೆಯುವುದು ಸದಾ ಒಂದೇ ಮಾತು: ‘ತಿದ್ದಿದೆ’. ಯಂತ್ರವೇನು ಮಾಡೀತು, ಪಾಪ!

ನಮ್ಮ ಸಂಕಲನದ ಮಾತಿಗೆ ಬರೋಣ. ಭದ್ರಾವತಿಗೆ ಕಳುಹಿಸಿದ್ದ ಪ್ರತಿಯನ್ನೂ ಮುದ್ರಣಾಲಯದಿಂದ ಬಂದ ಪ್ರತಿಯನ್ನೂ ಒಂದೇ ರೂಪಕ್ಕೆ ತಂದು ಹೋಲಿಸಿದಾಗ ಕಥೆ ಬಯಲಾಯಿತು. ಆರಂಭದಿಂದ ಅಂತ್ಯದವರೆಗೆ ಱಕಾರವೊಂದೇ ಹೋಗಿತ್ತು. ಹಿರಿಯರ ಉಳಿದ ಯಾವ ತಿದ್ದುಪಡಿಯನ್ನೂ ಯಾರೂ ಮುಟ್ಟಿರಲಿಲ್ಲ. ಮನುಷ್ಯರು ತಿದ್ದಿದರೆ ಅಷ್ಟು ಅಚ್ಚುಕಟ್ಟಾಗಿ ತಿದ್ದುವುದಿಲ್ಲ. ಗುರುತುಗಳಿದ್ದ ಪುಟಗಳನ್ನು ಅಚ್ಚು ಹಾಕಿಸಿ ಭದ್ರಾವತಿಗೆ ಒಯ್ದೆವು. ಅವರು ಕನ್ನಡಕ ಏರಿಸಿ ಪುಟ ಪುಟವನ್ನೂ ನೋಡಿ, ಒಳಗೆ ತಿರುಗಿ ‘ಕಾಫಿ ಮಾಡು’ ಎಂದರು. ಮುನಿಸು ಅಲ್ಲಿಗೆ ಮುಗಿಯಿತು.

ಆಮೇಲೆ ಅವರು ಎತ್ತಿದ ಆಕ್ಷೇಪ ಮಾತ್ರ ಯಾವ ತಂತ್ರಜ್ಞನೂ ಯೋಚಿಸಬೇಕಾದದ್ದು. ಇಂಗ್ಲಿಷಿನ ಅಕ್ಷರಗಳ ಕೆಳಗೆ ಅಲೆಗೆರೆಗೆ ಜಾಗವುಂಟು. ಕನ್ನಡದಲ್ಲಿ ಆ ಜಾಗ ಒತ್ತಕ್ಷರಗಳದ್ದು. ‘ಸ್ತ್ರೀ’ ಎಂಬುದರ ಕೆಳಗೆ ನೀಲಿ ಗೆರೆ ಎಳೆದರೆ ಒತ್ತುಗಳೆರಡೂ ಅದರಲ್ಲಿ ಮುಳುಗಿಹೋಗುತ್ತವೆ. ಹೊಡೆದ ಕೆಂಪು ಗೆರೆಯಂತೂ ಅಕ್ಷರದ ಹೊಟ್ಟೆಯನ್ನೇ ಸೀಳಿ, ಹಳೆಯ ಪಾಠವನ್ನು ಓದಲು ಬಿಡುವುದಿಲ್ಲ. ‘ಓದಲಾಗದಂತೆ ಹೊಡೆಯುವುದಾದರೆ ತೋರಿಸುವುದೇತಕ್ಕೆ?’ ಎಂದರು. ಇದಲ್ಲದೆ ನಮ್ಮೂರಿನ ಅಂಗಡಿಯಲ್ಲಿ ಬಣ್ಣದ ಪ್ರತಿಗೆ ಬೆಲೆ ಹೆಚ್ಚು. ಕಪ್ಪುಬಿಳುಪಿನಲ್ಲಿ ತೆಗೆಸಿದರೆ ಕೆಂಪೂ ನೀಲಿಯೂ ಒಂದೇ ಬೂದಿ.

ಆದುದರಿಂದ ಈಗ ಗೆರೆಗಳನ್ನೇ ಕೈಬಿಟ್ಟಿದ್ದೇವೆ. ಹೊಸ ಪಾಠದ ಹಿಂದೆ ತೆಳುವಾದ ಛಾಯೆ; ಹಳೆಯದು ಚೌಕ ಕಂಸದಲ್ಲಿ, ಚಿಕ್ಕ ಅಕ್ಷರದಲ್ಲಿ; ಪುಟದಂಚಿನಲ್ಲಿ ತಿದ್ದಿದವರ ಗುರುತಾಗಿ ಕ, ಖ, ಗ, ಘ. ಹಿರಿಯರು ತಮಗೆ ‘ಕ’ ಆಗಬೇಕೆಂದು ಕೇಳಿ ಪಡೆದುಕೊಂಡರು. ಕಳೆದ ವಾರ ಮೂರನೆಯ ಅಧ್ಯಾಯ ಭದ್ರಾವತಿಯಿಂದ ಮರಳಿ ಬಂತು. ಅಂಚಿನ ತುಂಬ ಕಕಾರಗಳು.