ಬೀರುವಿನಲ್ಲಿ ಬೀಗ ಹಾಕಿದ ಕಾಡು

ನಮ್ಮ ಹಳೆಯ ಕಾಲೇಜುಗಳ ಬೀರುಗಳಲ್ಲಿ ಒಣಗಿಸಿಟ್ಟ ಗಿಡಗಳೂ ಸೂಜಿಗೆ ಚುಚ್ಚಿದ ಚಿಟ್ಟೆಗಳೂ ಮಲಗಿವೆ. ಒಂದೊಂದಕ್ಕೂ ಒಂದು ಚೀಟಿ: ಯಾವ ಊರು, ಯಾವ ದಿನ, ತಂದವರಾರು. ಚೀಟಿಯಿಲ್ಲದ ಗಿಡ ಬರಿಯ ತರಗೆಲೆ. ಆ ಚೀಟಿಯ ಬರೆಹವನ್ನು ಲೋಕದೊಡನೆ ಹಂಚಿಕೊಳ್ಳಿರೆಂದರೆ ಮಾತ್ರ ನಮ್ಮ ವಿದ್ವಾಂಸರ ಮುಖ ಬಿಗಿಯುತ್ತದೆ. “ನಾವು ಬೆವರು ಸುರಿಸಿ ಕೂಡಿಟ್ಟದ್ದನ್ನು ಪರದೇಶದವರು ಕುಳಿತಲ್ಲೇ ಬಾಚಿಕೊಳ್ಳಬೇಕೆ?”

ಈ ಅಂಜಿಕೆ ನಿರಾಧಾರವೆನ್ನಲಾರೆ. ಪಶ್ಚಿಮ ಘಟ್ಟದ ಎಷ್ಟೋ ಸಸ್ಯಗಳ ಹಳೆಯ ಮಾದರಿಗಳು ಇಂದಿಗೂ ಲಂಡನ್ನಿನ ಕ್ಯೂ ತೋಟದಲ್ಲಿವೆ. ಆದರೆ ಅವುಗಳ ಚಿತ್ರವನ್ನು ಈಗ ಬೆಂಗಳೂರಿನಲ್ಲಿ ಕುಳಿತೇ ನೋಡಬಹುದಲ್ಲ! ಅವರದನ್ನು ನೋಡುವೆವು, ನಮ್ಮದನ್ನು ತೋರೆವು ಎನ್ನುವುದು ಯಾವ ನ್ಯಾಯ?

ಕನ್ನಡದ ಮೇಷ್ಟರಿಗೆ ಇಲ್ಲೇನು ಕೆಲಸವೆಂದೀರಿ. ಬಿ. ಎಲ್. ರೈಸ್ ಅವರು ೧೮೮೬ರಿಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಹೊರತಂದರು. ಅದಕ್ಕಾಗಿ ಊರೂರ ಶಾಸನಗಳನ್ನೆಲ್ಲ ಕಿತ್ತು ಬೆಂಗಳೂರಿಗೆ ಹೊರಿಸಲಿಲ್ಲ. ಕಲ್ಲು ಹೊಲದ ಬದುವಿನಲ್ಲೇ ನಿಂತಿತು. ಪಾಠ ಲೋಕ ಸುತ್ತಿತು. ೨೦೦೧ರಲ್ಲಿ ಆರಂಭವಾಗಿ ಕೋಪನ್‌ಹೇಗನ್ನಿನಲ್ಲಿ ಕಚೇರಿಯಿರುವ ‘ಗ್ಲೋಬಲ್ ಬಯೋಡೈವರ್ಸಿಟಿ ಇನ್ಫರ್ಮೇಷನ್ ಫೆಸಿಲಿಟಿ’ ಎಂಬ ಜಾಲದ ಕ್ರಮವೂ ಇದೇ. ಗಿಡ, ಚೀಟಿ, ಮೂಲ ದಾಖಲೆ ಆಯಾ ಸಂಸ್ಥೆಯ ಸುಪರ್ದಿನಲ್ಲೇ. ತಪ್ಪು ತಿದ್ದುವ ಅಧಿಕಾರವೂ ಅದರದೇ. ಎಲ್ಲರೂ ಒಂದೇ ಬಗೆಯ ಅಂಕಣಗಳಲ್ಲಿ ವಿವರ ಬರೆಯುವುದರಿಂದ ಒಂದೇ ಕಡೆ ಹುಡುಕಿದರೆ ನೂರು ಬೀರುಗಳು ತೆರೆಯುತ್ತವೆ. ಬಳಸಿದವರು ಯಾರಿಂದ ಪಡೆದೆವೆಂದು ಹೇಳಲೇಬೇಕು. ಇದನ್ನು ಕಳವೆನ್ನುವುದು ಹೇಗೆ?

ಸೀತಾಳೆದಂಡೆಯಂಥ ಹೂವಿನ ನೆಲೆ ತಿಳಿಸಿದರೆ ಕಳ್ಳರು ಬುಡಸಹಿತ ಕೀಳುವರೆಂಬ ಆಕ್ಷೇಪಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ಅಂಥವುಗಳ ಸ್ಥಳವನ್ನು ಬೇಕೆಂದೇ ಮಸುಕಾಗಿಸಿ ಕೊಡುವ ಪದ್ಧತಿಯಿದೆ. ಹತ್ತು ಗಿಡದ ಗುಟ್ಟಿಗಾಗಿ ಹತ್ತು ಸಾವಿರವನ್ನು ಬಚ್ಚಿಡಬೇಕಾಗಿಲ್ಲ.

ಬಚ್ಚಿಟ್ಟದ್ದು ಉಳಿಯುತ್ತದೆಯೇ ಎಂಬುದು ಬೇರೆ ಮಾತು. ೨೦೧೬ರ ಏಪ್ರಿಲಿನಲ್ಲಿ ದೆಹಲಿಯ ರಾಷ್ಟ್ರೀಯ ಪ್ರಕೃತಿ ಇತಿಹಾಸ ಸಂಗ್ರಹಾಲಯ ಸುಟ್ಟಿತು. ೨೦೧೮ರ ಸೆಪ್ಟೆಂಬರಿನಲ್ಲಿ ರಿಯೋ ನಗರದ ಬ್ರೆಜಿಲ್ ರಾಷ್ಟ್ರೀಯ ಸಂಗ್ರಹಾಲಯ. ನಮ್ಮ ಕಾಲೇಜುಗಳಿಗೆ ಬೆಂಕಿಯೂ ಬೇಡ, ಗೆದ್ದಲು ಸಾಕು.

ಮೇಲ್ಪಂಕ್ತಿಗೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ತನ್ನಲ್ಲಿರುವ ಒಣಸಸ್ಯಗಳ ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. ಉಳಿದವರು ಬೀರುವಿನ ಬೀಗದ ಕೈ ಎಲ್ಲಿದೆಯೆಂದು ಮೊದಲು ವಿಚಾರಿಸಲಿ. ಎಷ್ಟೋ ಕಡೆ ಅದು ಎಂದೋ ನಿವೃತ್ತರಾದ ಮೇಷ್ಟರ ಮನೆಯ ಗೂಡಿನಲ್ಲಿದ್ದೀತು.